ಹೊಸ್ತಿಲ ಕೆಳಗಿನ ಹಂದಿ ರೂಪಾಯಿ

ಹವ್ಯಾಸ ಎಂದರೆ ಲಾಭದ ಆಸೆಯಿಲ್ಲದೆ ಮಾಡುವ ಕೆಲಸ ಎಂದು ಓದಿದವರು ಹೇಳುತ್ತಾರೆ. ಓದಿದವರು, ಹೇಳಿಕೊಳ್ಳಲಿ. ನನ್ನ ಪ್ರಕಾರ ಹವ್ಯಾಸವೆಂದರೆ ಇನ್ನೂ ಮಾರದೆ ಇಟ್ಟುಕೊಂಡ ಸರಕು. ಬೈಲಹೊಂಗಲದ ಪೇಟೆಯಲ್ಲಿ ಗೋಣಿಚೀಲ, ಮಳೆಗೆ ಹೊದಿಸುವ ತಾಡಪತ್ರಿ ಮಾರುವ ಅಂಗಡಿ ನನ್ನದು. ಮೊದಲು ಅಂಗಡಿಯೂ ಇರಲಿಲ್ಲ. ಸೈಕಲ್ಲಿಗೆ ಖಾಲಿ ಚೀಲ ಹೇರಿಕೊಂಡು ಊರೂರು ತಿರುಗುತ್ತಿದ್ದೆ. ಕೊಳ್ಳುವಾಗ ಚೀಲವನ್ನು ಬಿಸಿಲಿಗೆ ಹಿಡಿದು ತೂತುಗಳನ್ನೆಲ್ಲ ತೋರಿಸುವುದು, ಮಾರುವಾಗ ಅದೇ ಚೀಲವನ್ನು ಮಡಚಿ ನೆರಳಿನಲ್ಲಿ ಕೊಡುವುದು, ನನ್ನ ವಿದ್ಯಾಭ್ಯಾಸ ಇಷ್ಟೇ. ಇದರಿಂದ ಒಂದು ಗುಣ ಬಂತು. ಯಾವ ವಸ್ತು ಕಂಡರೂ ನನಗೆ ಮೊದಲು ಅದರ ಊನ ಕಾಣುತ್ತದೆ. ಮನುಷ್ಯರನ್ನು ನೋಡುವಾಗಲೂ ಹಾಗೇ ಎಂದು ನನ್ನ ಹೆಂಡತಿ ನೀಲವ್ವ ದೂರುತ್ತಾಳೆ. ಅವಳಲ್ಲಿ ನನಗೆ ಊನ ಕಂಡಿಲ್ಲ ಎಂದಲ್ಲ. ಆ ಬೆಲೆಗೆ ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

ಹಳೆಯ ಬ್ರಿಟಿಷ್ ನಾಣ್ಯಗಳ ಚಟ ಹತ್ತಿದ್ದೂ ಒಂದು ಚೀಲದಿಂದಲೇ. ಹೂಲಿಯಿಂದ ತಂದ ಹಳೆಯ ಚೀಲವೊಂದನ್ನು ಕೊಡವಿದಾಗ ಹೊಲಿಗೆಯ ಸಂದಿಯಿಂದ ವಿಕ್ಟೋರಿಯಾ ರಾಣಿಯ ಒಂದು ಬೆಳ್ಳಿ ರೂಪಾಯಿ ಕೆಳಗೆ ಬಿತ್ತು. ಪುಕ್ಕಟೆ ಸಿಕ್ಕದ್ದನ್ನು ಮರಳಿ ಕೊಡಬೇಕೆಂಬ ವಿಚಾರ ಬಂತು. ಆದರೆ ಯಾರ ಚೀಲವೆಂದು ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನ ಪಟ್ಟೆ ಎಂದೂ ಹೇಳಲಾರೆ. ಅಂದಿನಿಂದ ನಾಲ್ಕಾರು ಊರು ಸುತ್ತಿ ರಾಣಿ ಛಾಪು, ಎಡ್ವರ್ಡನ ಬೋಳುತಲೆ ಛಾಪು, ಕಿರೀಟ ಹೊತ್ತ ಜಾರ್ಜರು ಎಲ್ಲವನ್ನೂ ಕೂಡಿಸಿದೆ. ಆಸಕ್ತಿ ಇರುವವರಿಗೆ ನನ್ನ ಅನುಭವದಿಂದ ಒಂದೆರಡು ಮಾತು ಹೇಳುತ್ತೇನೆ. ಇವನ್ನು ನಾನು ಅಂಗಡಿಯಲ್ಲಿ ಕೇಳದವರಿಗೂ ಹೇಳುತ್ತೇನೆ.

ಕಿತ್ತೂರಿನಲ್ಲಿ ನಾಣ್ಯ ಕೊಳ್ಳುವುದಿದ್ದರೆ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಬೇಕು. ಅಲ್ಲಿ ಎಲ್ಲ ನಾಣ್ಯಗಳೂ ಕೋಟೆಯ ಭಂಡಾರದಿಂದಲೇ ಬಂದವು. ಆರನೆಯ ಜಾರ್ಜನ ಒಂದು ಆಣೆ ತೋರಿಸಿ, "ಇದು ಕ್ವಾಟಿ ಖಜಾನಿದ್ರಿ, ನಮ್ಮ ಮುತ್ತ್ಯಾನ ಮುತ್ತ್ಯಾ ಸ್ವತಃ ತಂದಿದ್ದ" ಅನ್ನುತ್ತಾರೆ. ಕೋಟೆ ಬಿದ್ದು ನೂರು ವರ್ಷ ಕಳೆದ ಮೇಲೆ ಪಟ್ಟಕ್ಕೆ ಬಂದ ರಾಜ ಆ ಖಜಾನೆಯಲ್ಲಿ ಹೇಗೆ ಹೊಕ್ಕ ಎಂದು ಕೇಳಿದರೆ, "ಅದಕ್ಕ ಅಲ್ಲೇನ್ರಿ ಅದರ ಕಿಮ್ಮತ್ತು" ಎಂಬ ಉತ್ತರ. ಇನ್ನು ಮೊಬೈಲಿನ ವಿಡಿಯೊ ನೋಡಿ ಬಂದವರದು ಬೇರೆಯೇ ಪಂಗಡ. ಸವದತ್ತಿಯಿಂದ ಒಬ್ಬ ನಡುವೆ ತೂತಿರುವ ತಾಮ್ರದ ಪೈಸೆ ಹಿಡಿದು ಬಂದು ಒಂದು ಟ್ರ್ಯಾಕ್ಟರಿನ ಬೆಲೆ ಹೇಳಿದ. ತೂತು ಇದ್ದರೆ ಬೆಲೆ ಇಳಿಯಬೇಕು ಎಂದು ನಂಬಿ ಬಾಳಿದವನು ನಾನು. ಅವನಿಗೆ ಚಹಾ ಕುಡಿಸಿ, ಟ್ರ್ಯಾಕ್ಟರು ಬಂದ ದಿನ ಅದಕ್ಕೆ ತಾಡಪತ್ರಿಯನ್ನು ನನ್ನಲ್ಲೇ ಒಯ್ಯಬೇಕೆಂದು ಹೇಳಿ ಕಳಿಸಿದೆ.

ಮುಖ್ಯವಾದ ಸಲಹೆ: ನಾಣ್ಯವನ್ನು ತೊಳೆಯಬೇಡಿ. ನಮ್ಮ ಹೆಣ್ಣುಮಕ್ಕಳಿಗೆ ಮಾಸಿದ್ದು ಏನು ಕಂಡರೂ ಹುಣಸೆಹುಳಿ, ವಿಭೂತಿ ನೆನಪಾಗುತ್ತವೆ. ತಿಕ್ಕಿ ತಿಕ್ಕಿ ರಾಣಿಯ ಮೂಗನ್ನೇ ಅಳಿಸಿದ ಮನೆಗಳನ್ನು ಕಂಡಿದ್ದೇನೆ. ಸರ ಮಾಡಿಸಲೆಂದು ಕೊಂಡಿ ಬೆಸುಗೆ ಹಾಕಿಸಬೇಡಿ. ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಹಸಿರು ಜಿಗುಟು ಹತ್ತುತ್ತದೆ. ಮತ್ತೆ ಎಲ್ಲಿಡಬೇಕು? ಕಪಾಟು ಕಳ್ಳರಿಗೆ ಗೊತ್ತು. ಜೋಳದ ಚೀಲ ಇಲಿಗಳಿಗೆ ಗೊತ್ತು. ನಾನು ಬಹಳ ವಿಚಾರ ಮಾಡಿ ನನ್ನ ಸಂಗ್ರಹದ ಅತ್ಯಂತ ಬೆಲೆಬಾಳುವ ನಾಣ್ಯವನ್ನು ದೇವರ ಜಗಲಿಯ ಮೇಲೆ, ಗಂಟೆಯ ಹಿಂದೆ ಇಟ್ಟೆ. ನೀಲವ್ವ ಜಗಲಿಯ ಹತ್ತಿರ ಯಾರನ್ನೂ ಬಿಡುವವಳಲ್ಲ. ಪುಕ್ಕಟೆ ಪಹರೆ, ಮೇಲೆ ದೇವರ ಜವಾಬ್ದಾರಿ. "ಜಗಲಿ ಮ್ಯಾಗಿಂದು ತಿಕ್ಕಬ್ಯಾಡ, ಸುಮ್ಮ ಹೂವು ಏರಸು" ಎಂದು ಹೇಳಿಟ್ಟಿದ್ದೆ. ಅವಳು ದಿನವೂ ಏರಿಸಿದಳು.

ಬೆಲೆಬಾಳುವ ನಾಣ್ಯ ಎಂದೆನಲ್ಲ, ಅದು ಐದನೆಯ ಜಾರ್ಜನ ಹಂದಿ ರೂಪಾಯಿ. ಸಾವಿರದ ಒಂಬೈನೂರ ಹನ್ನೊಂದರ ಇಸವಿಯದು. ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಕೆತ್ತಿದವನು ಸೊಂಡಿಲಿಗೆ ಜಿಪುಣತನ ಮಾಡಿದ್ದರಿಂದ ಅದು ಹಂದಿಯಂತೆ ಕಂಡಿತಂತೆ, ಜನ ಸಿಟ್ಟಾದರಂತೆ, ಸರ್ಕಾರ ಮರಳಿ ತರಿಸಿಕೊಂಡು ಬಹುಪಾಲು ಕರಗಿಸಿಬಿಟ್ಟಿತಂತೆ. ಕರಗದೆ ಉಳಿದದ್ದಕ್ಕೆ ಈಗ ಬೆಲೆ. ನನ್ನದು ಸಿಕ್ಕದ್ದು ರಾಮದುರ್ಗದ ಕಡೆಯ ತೊರಗಲ್ಲಿನಲ್ಲಿ, ಬೇರು ನಾರು ಅರೆದು ಔಷಧ ಕೊಡುವ ಒಬ್ಬ ಮುದುಕನ ಹತ್ತಿರ. ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲೆ ತೂಗುವುದರಿಂದ ಅವನು ಅದನ್ನು ತಕ್ಕಡಿಯ ಕಲ್ಲಾಗಿ ಬಳಸುತ್ತಿದ್ದ. ಸವೆದ ಕಲ್ಲಿನಿಂದ ತೂಕ ತಪ್ಪಿದರೆ ರೋಗಿಯ ಗತಿಯೇನು ಎಂದು ಅವನನ್ನು ಹೆದರಿಸಿ, ಹೊಚ್ಚ ಹೊಸ ಹಿತ್ತಾಳೆಯ ತೂಕದ ಕಲ್ಲುಗಳನ್ನು ಡಬ್ಬಿಸಮೇತ ಕೊಟ್ಟು, ಇದನ್ನು ತಂದೆ. ಅವನು ನನ್ನ ಕೈಹಿಡಿದು ಹರಸಿದ. ನಾಣ್ಯಪ್ರಿಯರು ಸೇರಿದಲ್ಲೆಲ್ಲ ಇದನ್ನು ತೋರಿಸಿದರೆ ಮಾತು ನಿಲ್ಲುತ್ತಿತ್ತು. ಮೂರು ಅಂತಸ್ತಿನ ಮನೆ ಕಟ್ಟಿಸಿದವರೂ ನನ್ನ ಮುಂದೆ ಕೈಕಟ್ಟಿ ನಿಂತು, ಒಮ್ಮೆ ಮುಟ್ಟಲೇ ಎಂದು ಕೇಳುತ್ತಿದ್ದರು. ಚೀಲದ ವ್ಯಾಪಾರಿಗೆ ಅಂಥ ಮರ್ಯಾದೆ ಬೇರೆ ಎಲ್ಲಿಯೂ ಸಿಗುವುದಿಲ್ಲ.

ಈ ವರ್ಷ ನೀಲವ್ವನ ತಮ್ಮ ಈರಣ್ಣ ಸವದತ್ತಿಯಲ್ಲಿ ಮನೆ ಕಟ್ಟಲು ಹಿಡಿದ. ತಲೆಬಾಗಿಲಿನ ಚೌಕಟ್ಟು ನಿಲ್ಲಿಸುವ ಪೂಜೆಯ ದಿನ ನಾನು ಕಿತ್ತೂರಿನಲ್ಲಿ ಒಂದು ಎಡ್ವರ್ಡನ ಬೋಳುತಲೆಗೆ ಚೌಕಾಸಿ ಮಾಡುತ್ತಿದ್ದೆ. ನೀಲವ್ವ ಒಬ್ಬಳೇ ತವರಿಗೆ ಹೋಗಿ ಸಂಜೆ ಬಂದಳು. ನಾನು ಹೊಸ ನಾಣ್ಯವನ್ನು ಹಂದಿಯ ಪಕ್ಕದಲ್ಲಿಟ್ಟು ನೋಡೋಣವೆಂದು ಜಗಲಿಗೆ ಹೋದೆ. ಗಂಟೆಯ ಹಿಂದೆ ಗಂಟೆಯ ನೆರಳು ಮಾತ್ರ ಇತ್ತು.

"ಇಲ್ಲಿದ್ದ ರೂಪಾಯಿ ಎಲ್ಲಿ ಹೋತು?"

"ನಮ್ಮ ಈರಣ್ಣನ ಹೊಸ್ತಿಲದ ಬುಡಕ ಇಟ್ಟು ಬಂದೇನ್ರಿ. ಚೌಕಟ್ಟಿನ ಕೆಳಗ ಬೆಳ್ಳಿ ರೂಪಾಯಿ ಇಡೂದು ಅಕ್ಕನ ಹಕ್ಕು."

"ಒಂದ ಮಾತು ಕೇಳಬೇಕಿಲ್ಲೊ?"

"ಕೇಳಿದ್ರ ಇದ್ದಿದ್ರಾಗ ಸವದದ್ದೊಂದು ಆರಿಸಿ ಕೊಡ್ತಿದ್ರಿ. ಅದು ಜಗಲಿ ಮ್ಯಾಲ ಕುಂತು ದಿನಾ ಪೂಜಿ ಆದದ್ದು. ನೀವು ಎಂದೂ ಇಲ್ಲದ್ದು ಭಕ್ತಿಲೇ ಇಟ್ಟಿದ್ದು. ನನ್ನ ತಮ್ಮನ ಮನಿಗೆ ಅದಕ್ಕಿಂತ ಚಲೋದು ಯಾವುದು ಸಿಗಬೇಕು?"

ಸವೆದದ್ದು ಕೊಡುತ್ತಿದ್ದೆ ಎಂಬುದು ನಿಜ. ಮರುದಿನ ಅಂಗಡಿ ಮುಚ್ಚಿ ಅವಳನ್ನೂ ಕರೆದುಕೊಂಡು ಸವದತ್ತಿಗೆ ಹೊರಟೆ. ಚೌಕಟ್ಟು ಸಾಗವಾನಿಯದು, ನೆಟ್ಟಗೆ ನಿಂತಿತ್ತು, ಬುಡದಲ್ಲಿ ಸಿಮೆಂಟು ಬಿಗಿದಿತ್ತು, ಮೇಲೆ ಮಾವಿನ ತೋರಣ ಇನ್ನೂ ಹಸಿರಾಗಿತ್ತು. ಮೊದಲು ವ್ಯಾಪಾರದ ದಾರಿ ಹಿಡಿದೆ. ಒಂದು ಕಣ್ಣು ಮುಚ್ಚಿ, ಕುತ್ತಿಗೆ ಓರೆ ಮಾಡಿ, ಚೌಕಟ್ಟು ಪೂರ್ವಕ್ಕೆ ವಾಲಿದೆ ಎಂದೆ. ಗೌಂಡಿ ಯಲ್ಲಪ್ಪ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟ. ದಾರ ಕಟ್ಟಿಗೆಗೆ ಒತ್ತಿ ನಿಂತಿತು.

"ಚೌಕಟ್ಟು ನೆಟ್ಟಗ ಐತ್ರಿ ಸಾವಕಾರ್ರ," ಅಂದ. "ನೀವು ನಿಂತ ಜಾಗಾ ತಗ್ಗೈತಿ."

ಆಗ ನನಗೆ ಒಂದು ಯುಕ್ತಿ ಹೊಳೆಯಿತು. ಈಗ ಯೋಚಿಸಿದರೆ ಅದು ಹೊಳೆಯದಿದ್ದರೆ ಚೆನ್ನಾಗಿತ್ತು. ಅತ್ತೆ ಬಸವ್ವ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, ಹೇಳಬಾರದೆಂದಿದ್ದೆ, ಆದರೆ ಮನೆಯ ಒಳ್ಳೆಯದರ ಮಾತು, ಹೊಸ್ತಿಲಡಿ ಇಟ್ಟ ರೂಪಾಯಿಯಲ್ಲಿ ಹಂದಿ ಇದೆ ಎಂದೆ.

ಅಡಕತ್ತರಿ ನಿಂತಿತು. "ಯಾವ ಹಂದಿ?"

ಮೊಬೈಲಿನಲ್ಲಿದ್ದ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದೆ. ಮೊಬೈಲು ಕೈಯಿಂದ ಕೈಗೆ ಹೋಯಿತು. ಈರಣ್ಣನಿಗೆ ಅದು ಎಮ್ಮೆಯ ಕರುವಿನಂತೆ ಕಂಡಿತು. ಯಲ್ಲಪ್ಪ, "ಆನಿ ಇದ್ದಂಗ ಐತಲ್ರಿ" ಅಂದ. ನಾನು ಬಿಡಲಿಲ್ಲ. ಸೊಂಡಿಲಿಲ್ಲದ್ದನ್ನು ಬೆರಳಿಟ್ಟು ತೋರಿಸಿದೆ. ಬ್ರಿಟಿಷ್ ಸರ್ಕಾರವೇ ಒಪ್ಪಿಕೊಂಡು ಕರಗಿಸಿದ ಕಥೆ ಹೇಳಿದೆ. ಆನೆಯ ಪಕ್ಷದವರನ್ನು ಒಬ್ಬೊಬ್ಬರನ್ನಾಗಿ ಸೋಲಿಸಿದೆ. ಗೋಣಿಚೀಲಕ್ಕೂ ನಾನು ಅಷ್ಟು ಚೆನ್ನಾಗಿ ವಾದಿಸಿದವನಲ್ಲ.

ಬಸವ್ವ ಎದ್ದು ನಿಂತರು. "ಅಳ್ಯಾರು ಇಷ್ಟು ತಿಳಕೊಂಡು ಹೇಳತಾರಂದ್ರ ಸುಳ್ಳಾಗೂದಿಲ್ಲ. ಲಿಂಗಾ ಕಟ್ಟಿದ ಮನಿ ಬಾಗಲದಾಗ ಹಂದಿ ಬ್ಯಾಡ. ಯಲ್ಲಪ್ಪಾ, ತಗಿ."

ಚೌಕಟ್ಟನ್ನು ಎತ್ತಿ ನಿಲ್ಲಿಸುವ ಕೂಲಿ ಯಾರದು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನತ್ತ ನೋಡಿದರು. ನಾನು ಉದಾರವಾಗಿ ತಲೆಯಾಡಿಸಿದೆ. ಕಟ್ಟಿಗೆ ಕಿರಗುಟ್ಟಿತು, ಸಿಮೆಂಟು ಚೂರಾಯಿತು, ಅರಿಷಿಣ ಮೆತ್ತಿದ ನವಧಾನ್ಯದ ನಡುವಿನಿಂದ ನನ್ನ ಜಾರ್ಜ್ ಹೊರಗೆ ಬಂದ. ಅಂಚಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ನಾನು ಅಂಗೈ ಚಾಚಿದೆ.

"ಮುಟ್ಟಬ್ಯಾಡ್ರಿ," ಅಂದರು ಅತ್ತೆ. ಎರಡು ಬೇವಿನ ಎಲೆಯಿಂದ ನಾಣ್ಯವನ್ನು ಎತ್ತಿ ಬಾಳೆಲೆಯ ಚೂರಿನಲ್ಲಿ ಕಟ್ಟಿದರು. "ಈರಣ್ಣಾ, ಗಾಡಿ ತಗಿ. ಹೊಳ್ಯಾಗ ಬಿಟ್ಟು ಬಾ."

ಅದನ್ನು ನನಗೆ ಕೊಟ್ಟರೆ ನಾನೇ ವಿಲೇವಾರಿ ಮಾಡುತ್ತೇನೆ ಎಂದೆ. ನಮ್ಮ ಮನೆಯಲ್ಲಿ ಇಷ್ಟು ದಿನ ಇತ್ತಲ್ಲ, ಏನೂ ಆಗಿಲ್ಲವಲ್ಲ ಎಂದೂ ಸೇರಿಸಿದೆ.

"ನಿಮ್ಮ ಮನ್ಯಾಗ ಇರಾಕಿ ನನ್ನ ಮಗಳು," ಅಂದರು. "ಗೊತ್ತಿರಲಾರದ ಇದ್ದದ್ದು ಬ್ಯಾರೆ. ಗೊತ್ತಿದ್ದೂ ಹಂದಿನ್ನ ಆಕಿ ಜಗಲಿಗೆ ಕಳಸಲೇನ್ರಿ?"

ನಾನು ಮೊಬೈಲನ್ನು ಮತ್ತೆ ತೆಗೆದೆ. ಕಣ್ಣು ಕಿರಿದು ಮಾಡಿ ನೋಡಿದೆ. ಬೆಳಕಿಗೆ ಹಿಡಿದರೆ ಸೊಂಡಿಲಿನ ತುದಿ ಸ್ವಲ್ಪ ಕಾಣುತ್ತದೆ, ಪೂರ್ಣ ಹಂದಿ ಎನ್ನಲು ಬರುವುದಿಲ್ಲ, ಯಲ್ಲಪ್ಪ ಹೇಳಿದ್ದರಲ್ಲೂ ಸತ್ಯಾಂಶ ಇದೆ ಎಂದು ಸಾವಕಾಶ ಹೇಳಿದೆ. ಯಲ್ಲಪ್ಪ ನನ್ನ ಬೆಂಬಲಕ್ಕೆ ಬರುವನೆಂದು ಅವನತ್ತ ನೋಡಿದೆ.

"ಇಲ್ರಿ ಸಾವಕಾರ್ರ," ಅಂದ ಅವನು, ಸಿಮೆಂಟು ಕಲಸುತ್ತ. "ನೀವು ತಿಳಿಸಿ ಹೇಳಿದ ಮ್ಯಾಲ ನನಗೂ ಹಂದಿನ ಕಾಣಾಕ ಹತ್ತೇತಿ."

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದು ಅವಳ ತಾಯಿ ತಿಳಿದರು.

ಈರಣ್ಣನ ಗಾಡಿಯ ಹಿಂದೆ ನಾನೂ ಹತ್ತಿ ಕುಳಿತೆ. ಮಲಪ್ರಭೆಯ ಸೇತುವೆಯ ಮೇಲೆ ಗಾಡಿ ನಿಂತ ಕೂಡಲೇ, ಹೆಂಗಸರ ಕಣ್ಣು ಇಲ್ಲಿಗೆ ಮುಟ್ಟುವುದಿಲ್ಲ, ಜೇಬಿನಲ್ಲಿದ್ದ ಐದು ರೂಪಾಯಿಯ ಬಿಲ್ಲೆ ಎಸೆದು ಮನೆಗೆ ಹೋಗೋಣ, ನೀರಿಗೆ ಯಾವುದಾದರೇನು ಎಂದು ತಿಳಿಸಿ ಹೇಳಿದೆ. ಆ ನಾಣ್ಯದ ಬೆಲೆಯನ್ನೂ ಹೇಳಿದೆ. ಬೆಲೆ ಕೇಳಿದರೆ ಮನುಷ್ಯ ಮೆತ್ತಗಾಗುತ್ತಾನೆ ಎಂಬುದು ನನ್ನ ಜೀವಮಾನದ ಅನುಭವ.

ಈರಣ್ಣನ ಮುಖ ಬಿಳಿಚಿತು. "ಮಾಮಾ, ಅಷ್ಟು ಕಿಮ್ಮತ್ತಿನ ಜಿನಸ ನಮ್ಮ ಮನಿ ಸಲುವಾಗಿ ಅಗಿಸಿ ಕೊಟ್ರಿ ನೀವು. ತಮ್ಮ ಲುಕ್ಸಾನಾ ನೋಡಲಿಲ್ಲ. ಅದನ್ನ ಜೀಂವ ಇರೂತನಾ ಮರ್ಯಾಂಗಿಲ್ಲ ನಾ." ಅವನ ಕಣ್ಣು ತುಂಬಿದ್ದವು. ಹುಡುಗ ಸಾಲ ಸೋಲ ಮಾಡಿ ಮನೆ ಕಟ್ಟುತ್ತಿದ್ದಾನೆ, ಅವನಿಗೆ ಹೊಸ್ತಿಲಿನ ಭಯ ನಿಜವಾದದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಬೀಸಿ ಎಸೆದೇಬಿಟ್ಟ. ಬಾಳೆಲೆ ನಡುವೆ ಬಿಚ್ಚಿಕೊಂಡು ಬೇರೆ ಹೋಯಿತು. ಹಂದಿ ನೆಟ್ಟಗೆ ನೀರಿಗೆ ಹೋಯಿತು. ಈರಣ್ಣ ಸೇತುವೆಯ ಮೇಲೆಯೇ ಬಗ್ಗಿ ನನ್ನ ಕಾಲು ಮುಟ್ಟಿದ.

ಮರಳಿ ಬಂದಾಗ ಬಸವ್ವ ಇನ್ನೊಂದು ಬೆಳ್ಳಿ ರೂಪಾಯಿ ಬೇಕೆಂದರು. "ನೀವ ನೋಡಿ ಕೊಡ್ರಿ ಅಳ್ಯಾರ. ನಾಯಿ ನರಿ ಏನೂ ಇರಲಾರದ್ದು." ಕಿತ್ತೂರಿನಿಂದ ಹಿಂದಿನ ದಿನವಷ್ಟೇ ತಂದ ಎಡ್ವರ್ಡ್ ಜೇಬಿನಲ್ಲಿದ್ದ. ಬೋಳುತಲೆಯ ಮೇಲೆ ಯಾವ ಪ್ರಾಣಿಯೂ ಇರಲಿಲ್ಲ. ಕೊಟ್ಟೆ. ಚೌಕಟ್ಟು ಎರಡನೆಯ ಸಲ ನಿಂತಿತು, ಯಲ್ಲಪ್ಪ ಎರಡನೆಯ ಸಲ ಕೂಲಿ ಪಡೆದ, ಹೋಳಿಗೆ ಊಟ ಹಾಕಿ ನನ್ನನ್ನು ಕಳಿಸಿದರು.

ಮಾತು ಊರಿಗೆ ಹಬ್ಬಲು ಬಹಳ ದಿನ ಹಿಡಿಯಲಿಲ್ಲ. ಹೋದ ವಾರ ಹೂಲಿಯ ರೈತರೊಬ್ಬರು ಅಂಗಡಿಗೆ ಬಂದು ಒಂದು ತಾಡಪತ್ರಿ ಆರಿಸಿ, ಬೆಲೆ ಕೇಳದೆ ಮೊದಲು ನನಗೆ ಕೈಮುಗಿದರು. ಸವದತ್ತಿಯ ಹೊಸ್ತಿಲಿನ ಕಥೆ ಕೇಳಿ ತಾವೂ ಮನೆಯ ಪೆಟ್ಟಿಗೆ ಹುಡುಕಿದರಂತೆ.

"ನೀವು ಹೇಳಿದ ಇಸವಿದ್ದು ಇದ್ದೂರಿ. ಹಂದಿ ಚಂದಾಗಿ ಕಾಣತಿತ್ತು. ಎಲ್ಲಾ ಒಯ್ದು ಹೊಳಿಗೆ ಚೆಲ್ಲಿ ಬಂದೇನಿ."

"ಎಲ್ಲಾ ಅಂದ್ರ?" ಅಂದೆ.

"ಒಂದು ಮುಟಿಗಿ ಇದ್ದೂರಿ," ಎಂದು ಮುಷ್ಟಿ ತೋರಿಸಿದರು. "ನಿಮ್ಮಂಥವ್ರು ಇದ್ದದ್ದಕ್ಕ ಗೊತ್ತಾತು ನೋಡ್ರಿ. ಈಗ ಈ ತಾಡಪತ್ರಿಗೆ ಏನು ಕಡಿಮಿ ಮಾಡತೀರಿ ಹೇಳ್ರಿ."

ನಾಣ್ಯದ ಬೆಲೆ ನಿಂತಿರುವುದು ಅದು ಎಷ್ಟು ಉಳಿದಿದೆ ಎಂಬುದರ ಮೇಲೆ. ಇದು ಈ ಹವ್ಯಾಸದ ಮೊದಲ ಪಾಠ. ಸರ್ಕಾರ ಕರಗಿಸದೆ ಬಿಟ್ಟದ್ದನ್ನು ನನ್ನ ಮಾತು ಹೊಳೆಗೆ ಹಾಕಿಸುತ್ತಿದೆ. ನಮ್ಮ ಸೀಮೆಯಲ್ಲಿ ಹಂದಿ ರೂಪಾಯಿ ಇನ್ನು ಮೇಲೆ ಭಾರೀ ತುಟ್ಟಿಯಾಗುತ್ತದೆ. ಯಾರ ಹತ್ತಿರವಾದರೂ ಇದ್ದರೆ ಅವಸರ ಮಾಡಿ ಮಾರಬೇಡಿ, ತಡೆದು ಇಟ್ಟುಕೊಳ್ಳಿ ಎಂದು ಸಲಹೆ ಕೊಡುತ್ತೇನೆ. ನನ್ನ ಹತ್ತಿರ ಇಲ್ಲದಿರುವುದರಿಂದ ಈ ಸಲಹೆಯಲ್ಲಿ ನನ್ನ ಸ್ವಾರ್ಥ ಏನೂ ಇಲ್ಲ.