ಅಂಬಾರಾಯನ ದೋಣಿ ಕೆಮ್ಮಿದ ದಿನ

ಮೋಟರ್ ದೋಣಿ ಕೆಮ್ಮಿತು. ಒಂದು ಸಲವಲ್ಲ, ಮೂರು ಸಲ. ಆಮೇಲೆ ಚುಟ್ಟಾ ಸೇದುವ ಮುದುಕನ ಹಾಗೆ ಬಿಳಿ ಹೊಗೆ ಬಿಟ್ಟು, ಭೀಮಾ ನದಿಯ ನಟ್ಟನಡುವೆ ಸುಮ್ಮನಾಗಿಬಿಟ್ಟಿತು.

ಬೇರೆ ದಿನವಾಗಿದ್ದರೆ ಅಂಬಾರಾಯನಿಗೆ ಇದರಿಂದ ಖುಷಿಯೇ ಆಗುತ್ತಿತ್ತು. ಸನ್ನತಿಯ ಮೇಲ್ಗಡೆ ಇರುವ ಮಾರಲಗಿಯಲ್ಲಿ ಪಂಚಾಯಿತಿಯ ದೋಣಿ ನಡೆಸುವವನು ಅವನೊಬ್ಬನೇ. ನೆರೆ ಬಂದಾಗ ಜನರನ್ನು ದಾಟಿಸಲೆಂದು ಕೊಟ್ಟ ದೋಣಿ ಅದು; ಬೇರೆಲ್ಲೋ ಹದಿನೈದು ವರ್ಷ ದುಡಿದು, ಮುದಿಯಾದ ಮೇಲೆ ಇಲ್ಲಿಗೆ ಬಂದಿತ್ತು. ನೆರೆಯಿಲ್ಲದ ದಿನಗಳಲ್ಲಿ ನೀರಿನ ಮಟ್ಟ ನೋಡಿ ಬರೆದಿಡುವುದಷ್ಟೇ ಅವನ ಕೆಲಸ. ಹತ್ತು ನಿಮಿಷದ ಆ ಕೆಲಸಕ್ಕೆ ಅವನು ಎರಡು ತಾಸು ತೆಗೆದುಕೊಳ್ಳುತ್ತಿದ್ದ. ನಡುನೀರಿನಲ್ಲಿ ಎಂಜಿನ್ ಆರಿಸಿ ಕೂರುತ್ತಿದ್ದ. ಊರಿನಲ್ಲಿ ಬಾಯಿದ್ದವರೆಲ್ಲ ಅವನಿಗೆ ಏನಾದರೊಂದು ಬುದ್ಧಿ ಹೇಳುವವರೇ. ಇಲ್ಲಿ ಮಾತ್ರ ಒಂದು ಕೊಕ್ಕರೆ ಬಂದು ದೋಣಿಯ ಮೂತಿಯ ಮೇಲೆ ಕುಳಿತು, ಏನೂ ಹೇಳದೆ ಹೋಗುತ್ತಿತ್ತು. ಆ ಎರಡು ತಾಸಿನ ಬಲದ ಮೇಲೆ ಅವನು ಉಳಿದ ಇಪ್ಪತ್ತೆರಡು ತಾಸು ತಳ್ಳುತ್ತಿದ್ದ.

ಆದರೆ ಇವತ್ತು ನಸುಕಿನಲ್ಲೇ ಪಂಚಾಯಿತಿಯ ಪಿಡಿಒ ಶಾಂತಕುಮಾರ ಫೋನ್ ಮಾಡಿದ್ದ.

"ಅಂಬಾರಾಯ, ಸಂಜಿ ನಾಕಕ್ಕ ತಾಲೂಕಿನ ಹೊಸಾ ಸಾಹೇಬ್ರು ದೋಣಿ ನೋಡಾಕ ಬರಾಕತ್ತಾರ. ಚಾಲೂ ಇದ್ರ ಛಲೋ. ಇಲ್ಲಂದ್ರ ದೋಣಿ ಗುಜರಿಗೆ, ನೀ ಮನಿಗೆ."

ಹುಟ್ಟು ಹಾಕಿಕೊಂಡು ದಂಡೆಗೆ ಬರುವಷ್ಟರಲ್ಲಿ ಅಂಬಾರಾಯನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ದಂಡೆಯ ಫರ್ಸಿ ಕಲ್ಲಿನ ಮೇಲೆ ಜಟ್ಟೆಪ್ಪ ಕಾಕಾ ಆಗಲೇ ಬಂದು ಕುಳಿತಿದ್ದ. ಶಹಾಬಾದ್ ಕಡೆಯ ಕಲ್ಲಿನ ಖಣಿಗಳಲ್ಲಿ ನೀರೆತ್ತುವ ಪಂಪು ನಡೆಸಿ ಊರಿಗೆ ಮರಳಿದವನು ಅವನು. ಅಂದಿನಿಂದ ಮಾರಲಗಿಯಲ್ಲಿ ತಿರುಗುವ ವಸ್ತು ಯಾವುದೇ ಇರಲಿ, ಗಿರಣಿಯಿಂದ ಫ್ಯಾನಿನವರೆಗೆ, ಅದರ ರೋಗ ಹೇಳುವವನು ಅವನೇ.

"ಪ್ಲಗ್ ಹೋಗ್ಯಾದ ಅಂಬ್ಯಾ," ಎಂದ ಜಟ್ಟೆಪ್ಪ, ದೋಣಿ ದಡಕ್ಕೆ ತಾಗುವ ಮೊದಲೇ. "ಮೂವತ್ತು ವರ್ಷ ಪಂಪ್ ಹೊಡದೀನಿ. ಎಂಜಿನ್ ಕೆಮ್ಮಿದ್ರ ಪ್ಲಗ್, ಕಿರುಚಿದ್ರ ಬೆಲ್ಟ್."

"ಇದಕ್ಕ ಬೆಲ್ಟೇ ಇಲ್ಲ ಕಾಕಾ."

"ಅದಕ್ಕ ಕಿರುಚಿಲ್ಲ ನೋಡು!"

ಪ್ಲಗ್ಗು ಬಿಚ್ಚಿದರು. ಜಟ್ಟೆಪ್ಪ ಅದನ್ನು ತನ್ನ ಧೋತರದಲ್ಲಿ ಒರೆಸಿ, ಹಪ್ಪಳದಂತೆ ಬಿಸಿಲಿಗಿಟ್ಟು, ಮರಳಿ ಕೂಡಿಸಿದ. ಹಗ್ಗ ಎಳೆದರೆ ಎಂಜಿನ್ ಹತ್ತಿತು. ಮೆಲ್ಲಗೆ ಹೋಗುವಾಗ ಸರಿಯಾಗಿಯೇ ಹೋಯಿತು. ಸ್ವಲ್ಪ ಜೋರು ಕೊಟ್ಟದ್ದೇ ತಡ, ಮತ್ತೆ ಕೆಮ್ಮಿ ಸತ್ತಿತು.

"ಜೋರು ಕೊಟ್ರ ನಿಲ್ತದಲ್ಲ ಕಾಕಾ!"

"ಸಾವಕಾಶ ಹೋಗೂದೇ ಆರೋಗ್ಯಕ್ಕ ಛಲೋ ಅಂತ ಸಾಹೇಬ್ರಿಗಿ ಹೇಳು."

ಅಂಬಾರಾಯ ರಸ್ತೆಗೆ ಓಡಿದ. ಅಲ್ಲಿ ಜಬೀನಾ ಆಪಾಳ ಪಂಚರ್ ಅಂಗಡಿ. ವಾಡಿಯ ಗ್ಯಾರೇಜಿನಲ್ಲಿ ಅಪ್ಪನ ಕೈಕೆಳಗೆ ಕಲಿತವಳು. ಮಾತು ಕಡಿಮೆ, ಕೈ ಖರೆ. ಅವಳು ನಟ್ಟು ಬಿಚ್ಚುವ ಒಂದು ಪಾನಾ, ಒಂದು ಖಾಲಿ ಶರಬತ್ತಿನ ಬಾಟಲಿ ಹಿಡಿದು ಬಂದಳು.

"ಬಾಟ್ಲಿ ಯಾತಕ್ಕ ಆಪಾ?"

"ಅದು ಏನು ಕುಡದದ ಮೊದಲ ನೋಡೋಣು. ಔಷಧ ಆಮ್ಯಾಲ."

ಟಾಕಿಯ ತಳದಿಂದ ಬಾಟಲಿಗೆ ಪೆಟ್ರೋಲ್ ಇಳಿಸಿ ಕಲ್ಲಿನ ಮೇಲಿಟ್ಟಳು. ಐದು ನಿಮಿಷ ಯಾರೂ ತುಟಿ ಬಿಚ್ಚಲಿಲ್ಲ. ಮಾರಲಗಿಯಲ್ಲಿ ಹಗಲು ಹೊತ್ತು ಇಂಥದ್ದು ನಡೆದ ನೆನಪು ಯಾರಿಗೂ ಇಲ್ಲ. ಬಾಟಲಿಯಲ್ಲಿ ನಿಧಾನವಾಗಿ ಒಂದು ಗೆರೆ ಮೂಡಿತು. ಮೇಲೆ ಪೆಟ್ರೋಲು, ಕೆಳಗೆ ನಾಲ್ಕು ಬೆರಳು ಕದಡಿದ ನೀರು.

"ಕಂಡ್ತಾ? ನೀರು ಸೇರ್ಯಾದ. ಜೋರು ಕೊಟ್ಟಾಗ ತಳದಾಗಿನ ನೀರು ಎಳಕೋತದ, ಉಸಿರು ಕಟ್ತದ." ಜಬೀನಾ ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಅದಿರ್ಲಿ, ಈ ಬಿಳೀ ಚೂರು ಏನು?"

ಅಂಬಾರಾಯ ಒಂದು ಚೂರನ್ನು ಕಡ್ಡಿಯಿಂದ ಎತ್ತಿ ಬೆರಳಿನಲ್ಲಿ ತಿಕ್ಕಿ ನೋಡಿದ. ಅವನ ಮುಖ ಸಣ್ಣದಾಯಿತು.

"ಕೊಬ್ರಿ."

ಅಷ್ಟರಲ್ಲಿ ಅವನ ತಾಯಿ ಶರಣಬಸಮ್ಮ ರೊಟ್ಟಿ ಗಂಟು ಹೊತ್ತು ಬಂದಳು.

"ಯವ್ವಾ, ಈ ದೋಣಿಗಿ ಏನರೆ ಹಾಕೀಯೇನು?"

"ಹಾಕದೇ ಬಿಡ್ತೀನಾ?" ಶರಣಬಸಮ್ಮನ ಮುಖ ಅರಳಿತು. "ಅಮಾಸಿಗೊಮ್ಮೆ ಎಲ್ಲಾರೂ ಗಾಡಿ ಪೂಜಿ ಮಾಡಿ, ಕಾಯಿ ಒಡದು, ಅದರ ನೀರು ಗಾಲಿಗಿ ಹಾಕ್ತಾರ. ಇದಕ್ಕ ಗಾಲಿ ಎಲ್ಲಿ ಅವ? ಅದಕ್ಕ ಬಾಯಿಗೇ ಹಾಕೀನಿ. ದಸರಾದಿಂದ ಒಂದು ಅಮಾಸಿ ತಪ್ಪಿಸಿಲ್ಲ ನೋಡಪಾ."

ಜಟ್ಟೆಪ್ಪ ಲೆಕ್ಕ ಹಾಕಿದ. "ಎಂಟು ಕಾಯಿ! ನನಗರೆ ಯಾರು ಕುಡಿಸ್ಯಾರ ಇಷ್ಟು?"

"ಭಕ್ತಿ ತಪ್ಪಲ್ಲವ್ವಾ," ಎಂದಳು ಜಬೀನಾ, ತೋಳೇರಿಸುತ್ತಾ. "ಎಂಜಿನ್ನಿಗಿ ಪಚನ ಆಗಿಲ್ಲ, ಅಷ್ಟೇ."

ಟಾಕಿ ಪೂರ್ತಿ ಬರಿದು ಮಾಡಿ ಒಣಗಿಸಿದರು. ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆ ಬೆಲ್ಲದ ಪಾಕದಂಥ ಅಂಟು. ಜಬೀನಾ ಸಣ್ಣ ತಂತಿಯಿಂದ ಒಂದೊಂದೇ ತೂತು ಬಿಡಿಸಿದಳು. ಅಂಬಾರಾಯ ಗಲ್ಲ ನೋಯುವ ತನಕ ಊದಿದ. ಹೊಸ ಪೆಟ್ರೋಲಿಗೆ ನಾಲವಾರಕ್ಕೆ ಹೋಗಬೇಕಿತ್ತು. "ನಾ ತರ್ತೀನಿ, ಡಬ್ಬಿನೂ ನಂದೇ," ಎಂದು ಜಟ್ಟೆಪ್ಪ ಮೊಮ್ಮಗನ ಬೈಕ್ ಹತ್ತಿದ. ಬರುವಷ್ಟರಲ್ಲಿ ಮೂರು ಗಂಟೆ.

ಡಬ್ಬಿ ಸುರುವಿ ಹಗ್ಗ ಎಳೆದರು. ಎಂಜಿನ್ ಹತ್ತಿತು! ಜೋರು ಕೊಟ್ಟರೂ ನಿಲ್ಲಲಿಲ್ಲ. ಆದರೆ ಅರ್ಧ ನಿಮಿಷದಲ್ಲಿ ದಟ್ಟ ಹೊಗೆ ಎದ್ದಿತು. ಆ ಹೊಗೆಯಲ್ಲಿ ಮಿರ್ಚಿ ಭಜಿ ಕರಿಯುವ ಘಮ. ಎಮ್ಮೆ ತೊಳೆಯುತ್ತಿದ್ದವರು ಮೂಗೆತ್ತಿದರು. ಊರೊಳಗಿಂದ ಇಬ್ಬರು ಬಂದು, "ಯಾರ ಮನಿ ಕಾರ್ಯ ಅದರಿ?" ಎಂದು ಕೇಳಿದರು. ಎಂಜಿನ್ ಹೊಟ್ಟೆ ತೊಳಸಿದಂತೆ ನಡುಗಿ ನಿಂತಿತು.

ಜಬೀನಾ ಡಬ್ಬಿ ಮೂಸಿದಳು. "ಕಾಕಾ, ಇದರಾಗ ಮೊದಲ ಏನಿತ್ತು?"

"ಕುಸುಬಿ ಎಣ್ಣಿ. ಗಾಣದ್ದು. ಒಂದು ಹನಿ ಕಲಬೆರಕಿ ಇಲ್ಲ."

"ಈಗ ಆಯ್ತು ನೋಡ್ರಿ."

ಮತ್ತೆ ಟಾಕಿ ಬರಿದು, ಮತ್ತೆ ಒರೆಸುವುದು, ಮತ್ತೆ ಊದುವುದು. ಅಂಬಾರಾಯನಿಗೆ ಸಿಟ್ಟು ಬರುವಷ್ಟೂ ಬಿಡುವಿರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಜಬೀನಾ ತನ್ನ ಸ್ಕೂಟರ್ ತಂದು, ಅದರ ಟಾಕಿಗೆ ನಳಿಗೆ ಇಳಿಬಿಟ್ಟಳು. ಇಂಥ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಬೆರೆಸಬೇಕಾದ ಎಂಜಿನ್ ಆಯಿಲನ್ನು ಅಳತೆಯಂತೆ ಹಾಕಿ, ಶರಣಬಸಮ್ಮನ ಒಗೆದ ಸೀರೆಯ ತುಂಡಿನಲ್ಲಿ ಸೋಸಿ ತುಂಬಿದಳು.

ಅಂಬಾರಾಯ ಹಗ್ಗ ಎಳೆದ. ಕೆಮ್ಮಿಲ್ಲ. ಹೊಗೆಯಿಲ್ಲ. ಮುದಿ ಎಂಜಿನ್ನು ಹೊಸ ಅಳಿಯನಂತೆ ಗತ್ತಿನಲ್ಲಿ ಗುರುಗುಟ್ಟಿತು.

ಜೀಪು ಬಂದು ನಿಂತಿತು. ಹೊಸ ಸಾಹೇಬರು ಮೈಸೂರು ಕಡೆಯವರು. ಲೈಫ್ ಜಾಕೆಟ್ಟು ತೊಟ್ಟು ದೋಣಿ ಹತ್ತಿದರು. ಫೈಲನ್ನು ಕೂಸಿನಂತೆ ಅವಚಿಕೊಂಡು ಶಾಂತಕುಮಾರ ಹತ್ತಿದ. ಅಂಬಾರಾಯ ಪೂರ್ತಿ ಜೋರು ಕೊಟ್ಟ. ದೋಣಿ ಮೂತಿ ಎತ್ತಿ ನೀರು ಸೀಳಿಕೊಂಡು ಆಚೆ ದಂಡೆ ಮುಟ್ಟಿ, ತಿರುಗಿ, ಶಾಂತಕುಮಾರನ ಬಾಯಿಂದ "ಬಸವಾ" ಎರಡನೆಯ ಸಲ ಹೊರಡುವಷ್ಟರಲ್ಲಿ ಮರಳಿ ಬಂದಿತ್ತು. ದಂಡೆಯಲ್ಲಿ ಚಪ್ಪಾಳೆ. ಜಟ್ಟೆಪ್ಪ ಸುತ್ತಲಿನವರಿಗೆ, "ಪ್ಲಗ್ಗಿಂದೇ ಕಿತಾಪತಿ ಇತ್ತು," ಎಂದು ತಿಳಿಸುತ್ತಿದ್ದ.

"ಶಹಭಾಷ್!" ಎಂದರು ಸಾಹೇಬರು, ಮುಖ ಒರೆಸಿಕೊಳ್ಳುತ್ತಾ. "ಬೆಳಿಗ್ಗೆಯಿಂದ ನಾಲ್ಕು ಊರು ನೋಡಿದೆ. ಒಂದು ದೋಣಿಯೂ ಸ್ಟಾರ್ಟ್ ಆಗಲಿಲ್ಲ. ಇಡೀ ತಾಲ್ಲೂಕಿಗೆ ಇದೊಂದೇ!"

ಅಂಬಾರಾಯನ ಎದೆ ಉಬ್ಬಿತು. ನಾಳೆ ಬೆಳಗಿನ ಎರಡು ತಾಸು ಕಣ್ಣ ಮುಂದೆ ತೇಲಿತು.

"ಇಂಥ ದೋಣೀನ ನೀರಲ್ಲಿ ಬಿಡೋದು ಸರಿಯಲ್ಲ ಕಣ್ರೀ," ಎಂದರು ಸಾಹೇಬರು ಶಾಂತಕುಮಾರನ ಕಡೆ ತಿರುಗಿ. "ಇರೋದೊಂದು. ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ನಾಳೆನೇ ಟ್ರ್ಯಾಕ್ಟರ್ ಮೇಲೆ ಹಾಕಿ ಕಚೇರಿಗೆ ತನ್ನಿ. ಅಂಗಳದಲ್ಲಿ ಭದ್ರವಾಗಿರುತ್ತೆ."

"ಸಾಹೇಬ್ರ, ಕಚೇರಿ ಹೊಳಿಯಿಂದ ಭಾಳ ದೂರ ಅದರಿ," ಎಂದ ಅಂಬಾರಾಯ.

"ಅದಕ್ಕೇ ಹೇಳಿದ್ದು! ನೆರೆ ಬಂದ್ರೂ ಅಲ್ಲಿ ದೋಣಿಗೆ ಏನೂ ಆಗಲ್ಲ."

ಅಂಬಾರಾಯ ದೋಣಿಯ ಹಗ್ಗ ಹಿಡಿದೇ ಕೇಳಿದ. "ಮತ್ತ ಕೆಟ್ಟ ದೋಣಿಗೋಳು... ಗುಜರಿಗೇನ್ರಿ?"

"ಅಷ್ಟು ಸುಲಭ ಅಲ್ಲಪ್ಪ. ಗುಜರಿಗೆ ಹಾಕಬೇಕಂದ್ರೆ ಸಮಿತಿ ಆಗಬೇಕು, ವರದಿ ಬರಬೇಕು. ಮೂರು ನಾಲ್ಕು ವರ್ಷ ಹಿಡಿಯುತ್ತೆ. ಅಲ್ಲೀತನಕ ಅವು ಎಲ್ಲಿವೆಯೋ ಅಲ್ಲೇ ಇರ್ಲಿ. ನಡೆಸೋರೂ ಅಲ್ಲೇ ಇರ್ಲಿ. ನೀನು ಮಾತ್ರ ದೋಣಿ ಜೊತೆ ಬಾ. ನಿನ್ನಂಥೋರು ಕಚೇರೀಲಿ ಬೇಕು."

ಮರುದಿನ ಮಧ್ಯಾಹ್ನದ ಹೊತ್ತಿಗೆ ದೋಣಿ ತಾಲ್ಲೂಕು ಕಚೇರಿಯ ಅಂಗಳದ ಬೇವಿನ ಮರದ ಕೆಳಗೆ ನಾಲ್ಕು ಕಲ್ಲುಗಳ ಮೇಲೆ ನಿಂತಿತ್ತು. ದಿನಾ ಐದು ನಿಮಿಷ ಎಂಜಿನ್ ಚಾಲೂ ಮಾಡಿ ವರದಿ ಕೊಡಬೇಕೆಂದು ಆದೇಶ. ಅದು ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದಾದ್ದರಿಂದ ಅಂಬಾರಾಯ ಒಂದು ನೀಲಿ ಡ್ರಮ್ಮಿನಲ್ಲಿ ನೀರು ತುಂಬಿಸಿ, ಎಂಜಿನ್ನಿನ ರೆಕ್ಕೆಯಿರುವ ಕೆಳತುದಿಯನ್ನು ಅದರಲ್ಲಿ ಮುಳುಗಿಸಿದ್ದ.

ಆದಾಯ ಪತ್ರಕ್ಕೆ, ಪಹಣಿಗೆ, ಪಿಂಚಣಿಗೆ ಬಂದ ಜನಕ್ಕೆ ಅಂಗಳದಲ್ಲಿ ಕೂರಲು ಬೇರೆ ಜಾಗವಿರಲಿಲ್ಲ. ನೆರಳಿದ್ದದ್ದು ದೋಣಿಯಲ್ಲಿ. ಒಬ್ಬರು ಹತ್ತಿದರು, ಇಬ್ಬರು ಹತ್ತಿದರು. ತಾಸೊಂದರಲ್ಲಿ ಹದಿನಾಲ್ಕು ಮಂದಿ ಆದರು. ಭೀಮೆಯಲ್ಲಿದ್ದಾಗ ಅದನ್ನು ಇಷ್ಟು ಜನ ಎಂದೂ ಹತ್ತಿರಲಿಲ್ಲ. ಒಬ್ಬ ಎಂಜಿನ್ ನೋಡಿ ಆಯಿಲ್ ಬಗ್ಗೆ ಹೇಳಿದ. ಇನ್ನೊಬ್ಬ ಡ್ರಮ್ಮು ಎಲ್ಲಿ ಇಡಬೇಕಿತ್ತೆಂದು ತೋರಿಸಿದ.

ಕೊನೆಗೆ ಒಬ್ಬ ಮುದುಕಿ, ಕೈಚೀಲ ಒಳಗೆಸೆದು, ಅಂಚಿನಲ್ಲಿ ಕುಳಿತಿದ್ದ ಅಂಬಾರಾಯನ ಭುಜ ತಟ್ಟಿದಳು.

"ಜರಾ ಸರೀರಿ ಯಪ್ಪಾ. ಇಲ್ಲಂದ್ರ ಕೆಳಗ ಇಳದು ನಿಂದರ್ರಿ. ಖಾಲಿ ಕುಂತೋರಿಗಿ ಯಾತಕ್ಕ ಬೇಕು ಇಷ್ಟು ಜಾಗ?"

ಅಂಬಾರಾಯ ಇಳಿದು ನಿಂತ.