ಮಾವನ ಎರಡು ಕೌಂಟರುಗಳು

ವಿಕಿರಣ ಅಳೆಯಲು ಎಂಥ ಕೌಂಟರ್ ಒಳ್ಳೆಯದು ಎಂದು ನಮ್ಮ ಸೋದರಮಾವನನ್ನು ದಯವಿಟ್ಟು ಯಾರೂ ಕೇಳಬೇಡಿ. ಕೇಳಿದವರು ಊಟದ ಹೊತ್ತಿಗೆ ಮನೆ ಮುಟ್ಟಿದ ಉದಾಹರಣೆ ಇಲ್ಲ! ಆಳಂದದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಅವರು ತಿರುಗಿ ನಿಮ್ಮನ್ನೇ ಕೇಳುತ್ತಾರೆ: ಆಲ್ಫಾಕ್ಕೋ, ಬೀಟಾಕ್ಕೋ?

ಗೊತ್ತಿಲ್ಲ ಎಂದಿರೋ, ಮುಗಿಯಿತು. ಆಲ್ಫಾ ಬಲು ನಾಜೂಕು, ಒಂದು ಹಾಳೆ ಅಡ್ಡ ಹಿಡಿದರೂ ನಿಂತುಬಿಡುತ್ತದೆ; ಅದಕ್ಕೆ ಸತುವಿನ ಸಲ್ಫೈಡ್ ಬಳಿದ ಪರದೆಯೇ ಆಗಬೇಕು. ಆದರೆ ಆ ಪರದೆಗೆ ಆಲ್ಫಾ ಬಿಟ್ಟು ಬೇರೇನೂ ಕೇಳಿಸದು. ಬೀಟಾಕ್ಕೆ ಗೈಗರ್ ಕೊಳವೆ. ಎರಡೂ ಅವರ ಮನೆಯಲ್ಲಿವೆ, ನೋಡಲು ಒಂದೇ ಥರದ ಪೆಟ್ಟಿಗೆಗಳು. ಅತ್ತೆಯ ಒಡವೆ ಹಳೆಯ ಟ್ರಂಕಿನಲ್ಲಿ, ಇವು ಬೀರುವಿನಲ್ಲಿ.

ಜೇವರ್ಗಿಯ ಕಾಲೇಜೊಂದು ಕೌಂಟರ್ ಆರಿಸಲು ಇವರನ್ನು ಕರೆದಿತ್ತು. ಮಾರಲು ಬಂದವನಿಗೆ, ಮೊದಲು ಖಾಲಿ ತಟ್ಟೆ ಇಟ್ಟು ಒಂದು ತಾಸು ಎಣಿಸು ಎಂದರು. ತಟ್ಟೆಯಲ್ಲಿ ಏನೂ ಇಲ್ಲವಲ್ಲ ಎಂದನಾತ. ಸುತ್ತಲ ಮಣ್ಣು, ಗೋಡೆಯದ್ದೂ ಎಣಿಕೆಗೆ ಬೀಳುತ್ತದೆ; ಆ ಏನೂ ಇಲ್ಲದ್ದು ಎಷ್ಟು ಎಂದು ತಿಳಿಯದೆ ಇರುವುದನ್ನು ಹೇಗೆ ಅಳೆಯುತ್ತೀ ಎಂದರು ಇವರು. ಆತ ಮಧ್ಯಾಹ್ನದ ಬಸ್ಸಿಗೇ ಊರು ಬಿಟ್ಟ.

ಮಣ್ಣೂರಿನ ಬೀಗರ ಮನೆಯಲ್ಲಿ ಇನ್ನೊಂದು. ವಿಕಿರಣ ಎಣಿಸಲೆಂದು ಮಾವ ಭೀಮಾ ಹೊಳೆಯ ನೀರನ್ನು ಒಲೆಯ ಮೇಲಿಟ್ಟು ಬತ್ತಿಸುತ್ತಿದ್ದರು. ಎಸರು ಕುದಿಯಿತೆಂದು ಬೀಗಿತಿ ತೊಗರಿಬೇಳೆ ಸುರಿದರು. ಮಾವ ಸಿಟ್ಟಾದರೇ? ಇಲ್ಲ, ಬೇಳೆಯನ್ನೂ ಎಣಿಸಿದರು.

ಹೋದ ವರ್ಷ ಅತ್ತೆಗೆ ಥೈರಾಯ್ಡ್ ಕಾಯಿಲೆಗೆಂದು ವಿಕಿರಣದ ಅಯೋಡಿನ್ ಕುಡಿಸಿದರು. ಮಗಳು ಬಾಣಂತನಕ್ಕೆ ಬಂದಿದ್ದಳು; ನಾನೂ ಆಗ ಅಲ್ಲೇ ಇದ್ದೆ. ಕೂಸಿನಿಂದ ದೂರವಿರಿ ಎಂದು ಡಾಕ್ಟರು ದಿನ ಹಾಕಿಕೊಟ್ಟರು. ದಿನ ಮುಗಿದ ಮೇಲೆ ಅವರೇ ಪರೀಕ್ಷಿಸಿ, ಇನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದರು. ಅತ್ತೆ ಮಾತ್ರ ಕೋಣೆ ಬಿಟ್ಟು ಬರಲೊಲ್ಲರು. ಮಾವನ ಗೈಗರ್ ಅವರ ಕೊರಳ ಹತ್ತಿರ ಇನ್ನೂ ಸದ್ದು ಮಾಡುತ್ತಿತ್ತು.

“ಡಾಕ್ಟರ್ ಏನರೆ ಹೇಳ್ಲಿ. ನಿಮ್ಮ ಮಷೀನ್ ಇನ್ನಾ ಟಿಕ್ ಟಿಕ್ ಅನ್ನಾಕತ್ತದ. ಅದು ಸುಳ್ಳ ಹೇಳಂಗಿಲ್ಲಂತ ನೀವೇ ಹೇಳ್ತಿದ್ರಿ.”

ಅಷ್ಟು ಸದ್ದಿನಿಂದ ಕೂಸಿಗೆ ಏನೂ ಆಗದು ಎಂದು ಮಾವ ಲೆಕ್ಕ ಬಿಡಿಸಿ ತೋರಿಸಿದರು. ಸಂಸಾರದುದ್ದಕ್ಕೂ ಅವರ ಪಾಠ ಕೇಳಿದ ಹೆಂಗಸು, ಈಗ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹೊರಗೆ ಕೂಸು ಅತ್ತರೆ ಒಳಗೆ ಇವರೂ ಅಳುತ್ತಿದ್ದರು.

ಮರುದಿನ ಬೆಳಿಗ್ಗೆ ಮಾವ ಬೀರು ತೆರೆದು ಬಹಳ ಹೊತ್ತು ನಿಂತರು. ಆಮೇಲೆ ಕೌಂಟರ್ ತಂದು ಅತ್ತೆಯ ಕೊರಳಿಗೆ ಹಿಡಿದರು. ಒಂದೂ ಸದ್ದಿಲ್ಲ.

“ನೋಡು, ಏನೂ ಇಲ್ಲ.”

“ಖರೇನ್ರಿ?”

“ಖರೇ.”

ಅವರು ತಂದದ್ದು ಆಲ್ಫಾ ಕೌಂಟರ್. ಅಯೋಡಿನ್‌ನಿಂದ ಆಲ್ಫಾ ಹೊರಡುವುದೇ ಇಲ್ಲ; ಅಲ್ಲಿ ಅದು ಎಂದೂ ಸದ್ದು ಮಾಡುತ್ತಿರಲಿಲ್ಲ. ಆ ಮನೆಯಲ್ಲಿ ಇದು ಗೊತ್ತಿದ್ದವರು ಅವರೂ, ಅವರ ಹತ್ತಿರವೇ ಭೌತಶಾಸ್ತ್ರ ಓದಿದ ನಾನೂ, ಇಬ್ಬರೇ.

ಅತ್ತೆ ಎದ್ದು ಬಂದು ಮೊಮ್ಮಗಳನ್ನು ಎತ್ತಿ, ಕೆನ್ನೆಗೆ ಕೆನ್ನೆ ಹಚ್ಚಿಕೊಂಡರು. ಮಾವ ನನ್ನ ಮುಖ ನೋಡಲಾರದೆ ಕೌಂಟರಿನ ವೈರು ಸುತ್ತುತ್ತಿದ್ದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಹತ್ತಿರ ಹೋಗಿ ಇಷ್ಟೇ ಅಂದೆ:

“ಕೌಂಟರ್ ಛಲೋ ಆರಿಸೀರಿ, ಮಾವ.”