ಈಜಿ ಉಳಿಸಿದ ರಜೆ

ಹರಿಗೋಲಿಗೆ ಹತ್ತು ಜನ ತುಂಬದೆ ಲಕ್ಕಯ್ಯ ಹುಟ್ಟು ಮುಟ್ಟುವವನಲ್ಲ. ಒಂಬತ್ತು ಜನ ಬಂದು ಕೂತಿದ್ದು, ಹತ್ತನೆಯವನು ಇನ್ನೂ ಮನೆಯಲ್ಲಿ ಮುದ್ದೆ ಮುರಿಯುತ್ತಿದ್ದರೆ, ಅವನು ಉಂಡು ಕೈ ತೊಳೆದು ಎಲೆಯಡಿಕೆ ಹಾಕಿಕೊಂಡು ಬರುವವರೆಗೆ ಒಂಬತ್ತು ಜನವೂ ಕಾವೇರಿಯನ್ನು ನೋಡುತ್ತ ಕೂರಬೇಕು. ಆ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಹರಿಗೋಲಿನಲ್ಲಿ ಇದ್ದದ್ದು ಎರಡೇ ಜೀವ. ಒಂದು ಷಡಕ್ಷರಿ, ಇನ್ನೊಂದು ಲಕ್ಕಯ್ಯನ ಹೋತ.

ಷಡಕ್ಷರಿ ಆಚೆ ದಡದ ಕೊಣನೂರಿನಲ್ಲಿ ನಾಲೆ ಕಚೇರಿಯ ಗುಮಾಸ್ತ. ಈಚೆ ದಡದ ಹಳ್ಳಿಯಲ್ಲಿ ಮನೆ ಅಗ್ಗವೆಂದು ಇಲ್ಲಿ ಬಿಡಾರ ಮಾಡಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಅವನು ಜಗಳವಾಡದೆ ಬಿಟ್ಟವರು ಊರಿನಲ್ಲಿ ಇರಲಿಲ್ಲ. ಕೋಪ ಅವನಿಗೆ ಮೂಗಿನ ತುದಿಯಲ್ಲಿರುತ್ತಿತ್ತು. ಆದರೆ ಆ ದಿನದ ಕೋಪಕ್ಕೆ ಕಾರಣವಿತ್ತು, ಯಾರಿಗೇ ಆದರೂ ಬರುವಂಥದ್ದು.

ಕಚೇರಿಯಲ್ಲಿ ಹತ್ತು ಮುಕ್ಕಾಲಿಗೆ ಹಾಜರಿ ಪುಸ್ತಕ ಸಾಹೇಬರ ಮೇಜಿಗೆ ಹೋಗುತ್ತದೆ. ಆಮೇಲೆ ಬಂದವನ ಹೆಸರಿನ ಮುಂದೆ ಲೇಟು ಎಂದು ಬೀಳುತ್ತದೆ. ತಿಂಗಳಿಗೆ ಮೂರು ಲೇಟಾದರೆ ಒಂದು ಸಿ.ಎಲ್. ಖೋತಾ. ಡಿಸೆಂಬರ್ ಇನ್ನೂ ಅರ್ಧ ಕಳೆದಿರಲಿಲ್ಲ, ಷಡಕ್ಷರಿಗೆ ಆಗಲೇ ಎರಡು ಲೇಟು. ಎರಡೂ ಲಕ್ಕಯ್ಯನ ಕೃಪೆ. ಇಡೀ ವರ್ಷದಲ್ಲಿ ಅವನ ಲೆಕ್ಕದಲ್ಲಿ ಉಳಿದಿದ್ದ ಸಿ.ಎಲ್. ಒಂದೇ ಒಂದು. ಬೇರೆ ರಜೆ ಬೇಕಾದರೆ ಎಂಟು ದಿನ ಮುಂಚೆ ಅರ್ಜಿ ಹಾಕಬೇಕು.

ಆ ಒಂದು ರಜೆ ನಾಳೆ, ಶುಕ್ರವಾರಕ್ಕೆ ಬೇಕಿತ್ತು. ನುಗ್ಗೇಹಳ್ಳಿಯ ಮೇಷ್ಟರೊಬ್ಬರ ಮಗಳು ಗಂಗಾಂಬಿಕೆಯನ್ನು ನೋಡಲು ಹೋಗಬೇಕಾಗಿತ್ತು. ಮದುವೆಮನೆಯೊಂದರಲ್ಲಿ ಅವಳು ಪಾಯಸ ಬಡಿಸಿದ್ದನ್ನು ಅವನು ಒಮ್ಮೆ ಕಂಡಿದ್ದ. ಅವನು ಸಾಕು ಎಂದು ಕೈ ಅಡ್ಡ ಹಿಡಿದರೂ ಅವಳು ನಕ್ಕು ಇನ್ನೊಂದು ಸೌಟು ಸುರಿದಿದ್ದಳು. ಅಂದಿನಿಂದ ಅವನ ಕಣ್ಣಿಗೆ ಬೇರೆ ಹುಡುಗಿ ಬಿದ್ದಿರಲಿಲ್ಲ. ಎರಡು ಸಲ ಗೊತ್ತಾದ ದಿನ ತಪ್ಪಿತ್ತು, ಒಮ್ಮೆ ಹೊಳೆ ಬಂದು, ಒಮ್ಮೆ ತಪಾಸಣೆ ಬಂದು. ಶನಿವಾರದಿಂದ ಧನುರ್ಮಾಸ. ಅದರೊಳಗೆ ಬಾರದಿದ್ದರೆ ತಿಪಟೂರಿನ ಹುಡುಗನಿಗೆ ಮಾತು ಕೊಡುತ್ತೇವೆಂದು ಮೇಷ್ಟರು ಕಾಗದ ಬರೆದಿದ್ದರು. ಇವತ್ತು ಹೊತ್ತಿಗೆ ಸರಿಯಾಗಿ ಹೋಗಿ ರುಜು ಹಾಕುವುದು, ಹಾಕಿದ ಮೇಲೆ ನಾಳೆಯ ರಜೆಗೆ ಅರ್ಜಿ ಕೊಡುವುದು ಎಂದು ಷಡಕ್ಷರಿ ತೀರ್ಮಾನ ಮಾಡಿಕೊಂಡು ಬಂದಿದ್ದ.

"ಲಕ್ಕಯ್ಯ, ಹತ್ತೂಕಾಲಾಯ್ತು. ಬಿಡಯ್ಯಾ."

"ಜನ ಎಲ್ಲವ್ರೆ ಸ್ವಾಮಿ? ನೀವೊಬ್ರು, ನನ್ ಹೋತ ಒಂದು. ಖಾಲಿ ಹರಗೋಲು ಗಿರಗಿರ ತಿರುಗ್ತದೆ."

"ಹತ್ತು ಜನದ್ದೂ ನಾನೇ ಕೊಡ್ತೀನಿ."

"ದುಡ್ಡಿನ ಮಾತಲ್ಲ ಕಣ್ ಸ್ವಾಮಿ. ಅಮ್ಯಾಕೆ ಬರೋರು ಹರಗೋಲು ಕಾಣ್ದೆ ನನ್ನ ಬೈಯಕ್ಕಿಲ್ವಾ?"

"ನಾನು ಬೈತಿರೋದು ಕೇಳಿಸ್ತಾ ಇಲ್ವೇನಯ್ಯಾ ನಿನಗೆ?"

"ನೀವು ದಿನಾ ಬೈತೀರಿ. ಅದು ಅಭ್ಯಾಸ ಆಗ್ಬುಟ್ಟದೆ."

ಇದನ್ನು ಕೇಳಿ ಷಡಕ್ಷರಿಯ ನೆತ್ತಿ ಉರಿಯಿತು. ಹರಿಗೋಲಿನಿಂದ ದುಡುಮ್ಮನೆ ದಡಕ್ಕೆ ಹಾರಿದ. "ನಿನ್ನ ಹರಿಗೋಲಿಗೆ ಇನ್ನು ಕಾಲಿಟ್ಟರೆ ನಮ್ಮಪ್ಪನ ಮಗನೇ ಅಲ್ಲ. ಈಜಿಕೊಂಡು ಹೋಗ್ತೀನಿ" ಎಂದು ಕೂಗಿದ. ಸಿಟ್ಟಿನಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಇದು ಊರಿಗೆಲ್ಲ ಗೊತ್ತು. ಆದರೆ ಕುಯ್ಯುವಾಗ ಯಾರಿಗೂ ನೆನಪಾಗುವುದಿಲ್ಲ.

ಅವನು ಈಜು ಕಲಿತು ಎರಡು ತಿಂಗಳಾಗಿತ್ತು, ಅಷ್ಟೆ. ಕಲಿಸಿದವನು ಮಿಲಿಟರಿಯಿಂದ ಪಿಂಚಣಿ ಪಡೆದು ಬಂದಿದ್ದ ಕೆಂಪಣ್ಣ. ಮುಳುಗದೆ ಇರುವುದು ಷಡಕ್ಷರಿಗೆ ಬೇಗ ಬಂತು, ಬೇಗ ಹೋಗುವುದು ಮಾತ್ರ ಬರಲಿಲ್ಲ. ಇಲ್ಲಿಂದ ಆಚೆ ದಡದ ಮೆಟ್ಟಿಲಿಗೆ ಓರೆಯಾಗಿ ಎರಡು ಫರ್ಲಾಂಗು. ಅಷ್ಟು ದೂರವನ್ನು ದಡದ ಉದ್ದಕ್ಕೇ ಈಜಿಸಿ ಕೆಂಪಣ್ಣ ಗಡಿಯಾರ ನೋಡುತ್ತಿದ್ದ. ಪ್ರತಿ ಸಲವೂ ಇಪ್ಪತ್ತು ನಿಮಿಷ, ಕೊನೆಗೆ ನಾಯಿಯಂತೆ ಏದುಸಿರು. "ನೀರ್ನ ಬಡೀಬ್ಯಾಡ ಷಡಕ್ಷರಪ್ಪ. ಕೈ ಉದ್ದಕ್ಕೆ ಚಾಚು, ನೀರ್ನ ತಬ್ಬಿ ಹಿಂದಕ್ಕೆ ನೂಕು. ಉಸ್ರಿಗೆ ತಲೆ ಎತ್ತಬ್ಯಾಡ, ಮಗ್ಗುಲಿಗೆ ಒಳ್ಳು. ತಲೆ ಎದ್ರೆ ಕಾಲು ಮುಳುಗ್ತದೆ. ಮೊದಲರ್ಧ ನಿಧಾನಕ್ಕೆ ಓಗು, ಕಡೇಗೆ ಜೋರು ಮಾಡು" ಎಂದು ಎಷ್ಟು ಹೇಳಿದರೂ ಷಡಕ್ಷರಿ ನೀರಿಗಿಳಿದ ಕೂಡಲೇ ಯಾರ ಮೇಲೋ ಇದ್ದ ಸಿಟ್ಟನ್ನು ಹೊಳೆಯ ಮೇಲೆ ತೀರಿಸಿಕೊಳ್ಳುತ್ತಿದ್ದ.

ಕೂಗು ಕೇಳಿ ಕೆಂಪಣ್ಣ ಗಡಿಯಾರ ನೋಡುತ್ತಲೇ ಬಂದ. "ಅತ್ತು ಇಪ್ಪತ್ತೆರಡು. ಕಚೇರಿಗೆ ಮೆಟ್ಲಿಂದ ಐದು ನಿಮ್ಸ. ಅಂಗಾದ್ರೆ ನಿಂಗೆ ಸಿಗೋದು ಅದ್ನೆಂಟು ನಿಮ್ಸ. ನಿನ್ ಕೈಲಿ ಆಗಕ್ಕಿಲ್ಲ ಕಣಪ್ಪ."

ಆಗಕ್ಕಿಲ್ಲ ಎಂದ ಮೇಲೆ ಮುಗಿಯಿತು. ಷಡಕ್ಷರಿ ಪ್ಯಾಂಟು, ಶರಟು ಬಿಚ್ಚಿ ಚಡ್ಡಿಯಲ್ಲಿ ನಿಂತ. ನೀರಿಗೆ ಬಂದಿದ್ದ ಪಕ್ಕದ ಮನೆಯ ಸಣ್ಣಕ್ಕನ ಕೈಯಿಂದ ಮಣ್ಣಿನ ಗಡಿಗೆ ಕಸಿದು, ಬಟ್ಟೆಯನ್ನು ಅದರಲ್ಲಿ ತುರುಕಿ, ಬಾಯಿಗೆ ಟವೆಲು ಬಿಗಿದು, ಹಗ್ಗದಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡ.

"ಲೋ ಗುಮಾಸ್ತಪ್ಪ, ಅದು ನನ್ ಗಡ್ಗೆ ಕಣೋ. ಕುಂಬಾರನ ತಾವ ನೆನ್ನೆ ತಂದದ್ದು" ಎಂದು ಸಣ್ಣಕ್ಕ ಅನ್ನುವುದರೊಳಗೆ ಅವನು ನೀರಿಗೆ ಧುಮುಕಿದ್ದ.

ಆಮೇಲೆ ನಡೆದದ್ದನ್ನು ಹೇಳಲು ನನಗೇ ಸಿಟ್ಟು ಬರುತ್ತದೆ. ಹತ್ತು ಗಂಟೆಯಿಂದ ಇನ್ನೊಬ್ಬ ಗಿರಾಕಿಯೂ ಬಾರದ ಹರಿಗೋಲು ಒಂದೇ ನಿಮಿಷದಲ್ಲಿ ತುಂಬಿತು. ಗುಮಾಸ್ತ ಹೊಳೆಗೆ ಬಿದ್ದನಂತೆ ಎಂದು ಬಟ್ಟೆ ಒಗೆಯುವವರು, ಎತ್ತು ತೊಳೆಯುವವರು ಎಲ್ಲ ಓಡಿಬಂದು ಹತ್ತಿದರು. ಗಡಿಗೆಯ ಮೇಲೆ ಕಣ್ಣಿಡಲು ಸಣ್ಣಕ್ಕ ಹತ್ತಿದಳು, ನಿಮಿಷ ಹೇಳಲು ಕೆಂಪಣ್ಣ ಹತ್ತಿದ. ಹನ್ನೊಂದು ಜನ, ಮೇಲೆ ಹೋತ. ಲಕ್ಕಯ್ಯ ಸಂತೋಷದಿಂದ ಹುಟ್ಟು ಹಾಕಿದ. ಷಡಕ್ಷರಿ ಆಗಲಾದರೂ ಬಾಯಿ ಮುಚ್ಚಿಕೊಂಡು ಅದನ್ನು ಹತ್ತಿದ್ದರೆ ಒಣಬಟ್ಟೆಯಲ್ಲಿ ಕಚೇರಿ ಸೇರುತ್ತಿದ್ದ.

ಹರಿಗೋಲು ಅವನ ಮಗ್ಗುಲಿಗೇ ಬಂತು.

"ಅತ್ಕಳಿ ಸ್ವಾಮಿ. ಈಗ ಜನ ತುಂಬವ್ರೆ, ನಂಗೇನೂ ಬೇಜಾರಿಲ್ಲ" ಎಂದ ಲಕ್ಕಯ್ಯ.

ಇದಕ್ಕೆ ಉತ್ತರ ಕೊಡದೆ ಇರುವುದು ಷಡಕ್ಷರಿಗೆ ಸಾಧ್ಯವಿರಲಿಲ್ಲ. ತಲೆ ಎತ್ತಿ "ನಿನ್ನ ಮನೆ ಹಾಳಾಗ" ಎಂದು ಶುರು ಮಾಡಿದ. ಬೈಗುಳ ಪೂರ್ತಿಯಾಗುವುದರೊಳಗೆ ಅರ್ಧ ಸೇರು ಕಾವೇರಿ ಹೊಟ್ಟೆಗೆ ಹೋಯಿತು.

"ತಲೆ ಎತ್ತಬ್ಯಾಡ ಅಂತ ಏಳಿಲ್ವಾ" ಎಂದ ಕೆಂಪಣ್ಣ. "ಅತ್ತು ಇಪ್ಪತ್ತೆಂಟು. ಕಾಲುಭಾಗನೂ ಆಗಿಲ್ಲ."

"ಕಪ್ಪೆ ಅಂಗೆ ಕಾಲು ಒದೀಲಾ" ಎಂದ ಎತ್ತು ತೊಳೆಯುವವನು. "ಅಂಗಾತ ಮಲೀಕೊಂಡು ಓಗಪ್ಪ, ಸುಸ್ತಾಗಕ್ಕಿಲ್ಲ" ಎಂದಳು ಬಟ್ಟೆ ಒಗೆಯುವವಳೊಬ್ಬಳು. "ಗಡ್ಗೆ ನೋಡ್ಕಳ್ಳೋ" ಎಂದಳು ಸಣ್ಣಕ್ಕ. ತಾವೆಂದೂ ಹೊಳೆ ಈಜಿ ದಾಟದವರು ಒಬ್ಬೊಬ್ಬರೂ ಒಂದೊಂದು ಉಪಾಯ ಹೇಳಿದರು. ಒಬ್ಬೊಬ್ಬರಿಗೂ ಷಡಕ್ಷರಿ ತಲೆಯೆತ್ತಿ ಉತ್ತರ ಕೊಟ್ಟ, ಒಂದೊಂದು ಉತ್ತರಕ್ಕೂ ಒಂದೊಂದು ಗುಟುಕು ನೀರು ಕುಡಿದ. ಹಿಂದೆ ಗಡಿಗೆ ಸಾಲದವನ ಹಾಗೆ ಸೊಂಟ ಹಿಡಿದು ಜಗ್ಗುತ್ತಿತ್ತು.

"ಅತ್ತು ಮೂವತ್ತೆರಡು" ಎಂದ ಕೆಂಪಣ್ಣ. "ಇನ್ನೂ ಅರ್ಧಕ್ಕಿಂತ ಜಾಸ್ತಿ ಅದೆ. ಓಯ್ತು ಬುಡು."

ತೋಳು ಸೋತು ಷಡಕ್ಷರಿ ಒಂದು ಕ್ಷಣ ನಿಂತಲ್ಲೇ ತೇಲಿದ. ಎದುರಿಗೆ ಕೊಣನೂರಿನ ಮೆಟ್ಟಿಲು ಇನ್ನೂ ಬೊಗಸೆಯಷ್ಟಿತ್ತು. ನುಗ್ಗೇಹಳ್ಳಿ ಕಣ್ಣಿಗೆ ಬಂತು, ಪಾಯಸದ ಸೌಟು ಹಿಡಿದ ಕೈ ತಿಪಟೂರಿನವನ ಎಲೆಯ ಕಡೆಗೆ ಬಾಗುವುದು ಕಂಡಿತು. ಬಟ್ಟೆಗೆ ಬೆಂಕಿ ಬೀಳಲಿ ಎಂದು ಸೊಂಟದ ಹಗ್ಗ ಬಿಚ್ಚಿ ಎಸೆದ.

ಗಡಿಗೆ ಸೆಳವಿಗೆ ಸಿಕ್ಕಿ ಕೆಳಗಡೆಗೆ ಹೊರಟಿತು. "ಅಯ್ಯೋ ನನ್ ಗಡ್ಗೆ, ಇಡೀಲಾ ಲಕ್ಕ" ಎಂದು ಸಣ್ಣಕ್ಕ ಎದ್ದು ನಿಂತಳು. ಅವಳು ಕೂರದಿದ್ದರೆ ಹರಿಗೋಲು ಮಗುಚುತ್ತದೆಂದು ಹೆದರಿ ಲಕ್ಕಯ್ಯ ಗಡಿಗೆಯ ಹಿಂದೆ ಹರಿಗೋಲು ತಿರುಗಿಸಿದ. ಹನ್ನೊಂದು ಉಪಾಯಗಳೂ ಒಂದು ಗಡಿಯಾರವೂ ಹೋತವೂ ಗಡಿಗೆಯ ಬೆನ್ನು ಹತ್ತಿ ದೂರವಾದವು.

ಹೊಳೆ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಬೈಯಲು ಯಾರೂ ಇರಲಿಲ್ಲವಾದ್ದರಿಂದ ಷಡಕ್ಷರಿ ತಲೆಯನ್ನು ನೀರಿನಲ್ಲೇ ಇಟ್ಟ. ಕೈಯಲ್ಲಿ ಬಡಿಯುವ ಶಕ್ತಿ ಉಳಿದಿರಲಿಲ್ಲ, ಆದ್ದರಿಂದ ಸುಮ್ಮನೆ ಉದ್ದಕ್ಕೆ ಚಾಚಿ ಹಿಂದಕ್ಕೆ ನೂಕಿದ. ಮೂರು ಕೈಗೆ ಒಮ್ಮೆ ಮಗ್ಗುಲಿಗೆ ಹೊರಳಿ ಉಸಿರು ಎಳೆದುಕೊಂಡ. ಕಾಲು ತಾನಾಗಿ ಮೇಲೆ ಬಂತು, ಮೈ ಹಗುರಾಯಿತು. ಕೆಂಪಣ್ಣ ಎರಡು ತಿಂಗಳು ಗಂಟಲು ಹರಿದುಕೊಂಡು ಹೇಳಿದ್ದು ಇಷ್ಟೇ ಎಂದು ಅವನಿಗೆ ಆಗ ಹೊಳೆಯಿತು. ಎರಡು ವರ್ಷದಲ್ಲಿ ಮೊದಲ ಸಲ ಷಡಕ್ಷರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಕೊನೆಯ ನೂರು ಗಜಕ್ಕೆ ಜೋರು ಮಾಡಿದ. ಬೆರಳಿಗೆ ಕಲ್ಲು ತಗುಲಿ ತಲೆ ಎತ್ತಿದರೆ ಅದು ಮೆಟ್ಟಿಲು.

ಆದರೆ ಮೈಮೇಲೆ ಚಡ್ಡಿಯೊಂದೇ ಇತ್ತು. ಬಟ್ಟೆ ಎಲ್ಲಿ ತೇಲುತ್ತಿದೆಯೋ ನೋಡುವಷ್ಟು ಹೊತ್ತಿರಲಿಲ್ಲ. ಕೊಣನೂರಿನ ಬೀದಿಯಲ್ಲಿ ನೀರು ಸುರಿಸುತ್ತ ಓಡಿದ. ಹೋಟೆಲಿನ ಮುಂದೆ ಕೂತವರು ಕಾಫಿ ಲೋಟ ಕೆಳಗಿಟ್ಟು ನೋಡಿದರು. ನಾಯಿಯೊಂದು ಕಚೇರಿಯ ಗೇಟಿನವರೆಗೂ ಅಟ್ಟಿಸಿಕೊಂಡು ಬಂತು. ಅದರಿಂದ ಒಂದರ್ಧ ನಿಮಿಷ ಉಳಿದಿದ್ದರೂ ಉಳಿದಿರಬಹುದು.

ಒಳಗೆ ಜವಾನ ಕೆಂಚಯ್ಯ ಹಾಜರಿ ಪುಸ್ತಕವನ್ನು ಆಗ ತಾನೇ ಕಂಕುಳಿಗೆ ಇಟ್ಟುಕೊಂಡಿದ್ದ. ಗೋಡೆ ಗಡಿಯಾರದಲ್ಲಿ ಹತ್ತು ನಲವತ್ತನಾಲ್ಕು.

"ತಾರಯ್ಯ ಇಲ್ಲಿ."

"ಇದೇನ್ ಸಾ, ಈ ಅವತಾರ? ಎಣ್ಣಾಳುಗಳು ನಾಲೆ ಕೆಲ್ಸಕ್ಕೆ ಕಲ್ಲು ಒತ್ಕಂಡು ಇತ್ತಲಾಗೇ ಓಡಾಡ್ತಾವ್ರೆ" ಎನ್ನುತ್ತ ಕೆಂಚಯ್ಯ ಮೇಜಿನ ಮೇಲಿದ್ದ ಹಸಿರು ಬಟ್ಟೆಯನ್ನು ಎಳೆದು ಅವನ ಸೊಂಟಕ್ಕೆ ಸುತ್ತಿದ. ಹೊಳೆ ಈಜಿ ಬಂದದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಷಡಕ್ಷರಿ ರುಜು ಹಾಕಿದ. ಒಂದು ಹನಿ ಬಿದ್ದು ಅಕ್ಷರ ಸ್ವಲ್ಪ ಹರಡಿತು, ಆದರೂ ರುಜು ರುಜುವೇ. ಬೆಂಚಿನ ಮೇಲೆ ಕುಸಿದು ಕಣ್ಣು ಮುಚ್ಚಿದ. ರಜೆ ಉಳಿಯಿತು, ಗಂಗಾಂಬಿಕೆ ಉಳಿದಳು ಎಂದು ಮನಸ್ಸಿನಲ್ಲೇ ಕೈ ಮುಗಿದ. ಕೆಂಚಯ್ಯ ಪುಸ್ತಕ ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದ.

ಐದು ನಿಮಿಷಕ್ಕೆ ಸಾಹೇಬರೇ ಹೊರಗೆ ಬಂದರು. ಕೃಷ್ಣಪ್ಪನವರು ಬಾಯಿ ಬಿಟ್ಟು ಒಬ್ಬರನ್ನು ಗದರಿಸಿದವರಲ್ಲ, ಇಡೀ ಕಚೇರಿಗೆ ತಂದೆಯ ಹಾಗಿದ್ದವರು. ಬೆಂಚಿನ ಮೇಲೆ ಹಲ್ಲು ಕಟಕಟಿಸುತ್ತ ಕೂತಿದ್ದ ಷಡಕ್ಷರಿಯನ್ನು ನೋಡಿ ಅವರ ಕಣ್ಣು ಒದ್ದೆಯಾಯಿತು.

"ಕೆಂಚಯ್ಯ ಎಲ್ಲಾ ಹೇಳಿದ. ಹೊತ್ತಿಗೆ ಸರಿಯಾಗಿ ಬರಬೇಕು ಅಂತ ಹೊಳೆ ಈಜಿ ಬಂದಿರಲ್ಲ ಷಡಕ್ಷರಿಯವರೇ. ನನ್ನ ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಇಂಥ ನೌಕರನನ್ನ ನಾನು ಕಂಡಿಲ್ಲ."

"ನನ್ನ ಕರ್ತವ್ಯ ಸಾರ್. ಒಂದು ಅರ್ಜಿ ಇದೆ..."

"ಏನೂ ಮಾತಾಡಬೇಡಿ. ಈ ಚಳೀಲಿ, ಈ ಸ್ಥಿತೀಲಿ ನಿಮ್ಮನ್ನ ಕೂರಿಸಿಕೊಂಡು ಕೆಲಸ ತಗೊಂಡರೆ ನನ್ನ ಆತ್ಮ ಒಪ್ಪುತ್ತಾ? ನಿಮ್ಮದು ಒಂದು ಸಿ.ಎಲ್. ಬಾಕಿ ಇತ್ತು. ನೀವಾಗಿ ಕೇಳೋರಲ್ಲ, ನನಗೆ ಗೊತ್ತು. ಅದಕ್ಕೇ ನಿಮ್ಮ ರುಜು ಹೊಡೆದುಹಾಕಿ ಇವತ್ತಿಗೆ ನಾನೇ ರಜೆ ಬರೆದುಬಿಟ್ಟೆ. ಮನೆಗೆ ಹೋಗಿ ಬೆಚ್ಚಗೆ ಮಲಗಿ."

ಷಡಕ್ಷರಿ ಸೊಂಟದ ಹಸಿರು ಬಟ್ಟೆ ಹಿಡಿದುಕೊಂಡು ಎದ್ದು ನಿಂತ. "ಸಾರ್, ಆ ರಜೆ ನನಗೆ ನಾಳೆಗೆ ಬೇಕಾಗಿತ್ತು. ಹೆಣ್ಣು ನೋಡೋಕೆ. ನುಗ್ಗೇಹಳ್ಳಿಗೆ."

ಸಾಹೇಬರ ಮುಖ ಸಪ್ಪಗಾಯಿತು. "ಅಯ್ಯೋ, ಮೊದಲೇ ಒಂದು ಮಾತು ಹೇಳಬಾರದಿತ್ತಾ? ಕೆಂಪು ಇಂಕಿನಲ್ಲಿ ಬರೆದಾಯಿತಲ್ಲ. ಅದನ್ನ ತಿದ್ದೋ ಅಧಿಕಾರ ನನಗೂ ಇಲ್ಲ. ಇವತ್ತೇ ಹೋಗಿಬಂದರೆ?"

"ಇರೋದೊಂದೇ ಬಸ್ಸು, ಬೆಳಗ್ಗೆ ಆರು ಗಂಟೆಗೇ ಹೋಯ್ತು ಸಾರ್."

"ಹೋಗಲಿ ಬಿಡಿ. ಧನುರ್ಮಾಸ ಕಳೆದ ಮೇಲೆ ಹೋದರಾಯಿತು, ಹೆಣ್ಣು ಎಲ್ಲಿಗೆ ಹೋಗುತ್ತೆ? ನಾಳೆ ಹತ್ತೂವರೆಗೆ ಬನ್ನಿ" ಎಂದರು ಸಾಹೇಬರು.

ಷಡಕ್ಷರಿ ಬಾಯಿ ತೆರೆದ. ಬೆಳಗಿನಿಂದ ಹೊಟ್ಟೆಗಿಳಿದ ನೀರೆಲ್ಲ ಕುದಿದು ಗಂಟಲಿಗೆ ಬಂದಿತ್ತು. ಜೀವಮಾನದಲ್ಲಿ ಯಾರನ್ನೂ ಬೈಯದಷ್ಟು ಬೈಯಬೇಕೆನ್ನಿಸಿತು. ಆದರೆ ಸಾಹೇಬರು ಆಗಲೇ ತಮ್ಮ ಹೆಗಲಿನ ಉಣ್ಣೆಯ ಶಾಲನ್ನು ತೆಗೆದು, ಕಚೇರಿಯವರೆಲ್ಲ ಎದ್ದು ನಿಂತು ನೋಡುತ್ತಿರಲು, ಎರಡು ಕೈಯಿಂದ ಅವನಿಗೆ ಹೊದಿಸುತ್ತಿದ್ದರು. ಕೆಂಚಯ್ಯ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು.

"ತುಂಬಾ ಉಪಕಾರವಾಯ್ತು ಸಾರ್" ಎಂದ ಷಡಕ್ಷರಿ.